ಒಂದು ಬದಿ ಮುಗಿಯುವವರೆಗೆ

(ತುಮಕೂರಿನಲ್ಲಿ ಸಂಗೀತಾಸಕ್ತರ ಬಳಗವೊಂದರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ, ನಮ್ಮ ಬಳಗದ ಪ್ರತಿಯೊಂದು ಸಭೆಯೂ ಒಂದೇ ಪ್ರಶ್ನೆಯಿಂದ ಆರಂಭವಾಗುತ್ತದೆ: ಕಳೆದ ಸಭೆಯಿಂದೀಚೆಗೆ ಮನೆಯಲ್ಲಿ ಏನು ಕೇಳಿದಿರಿ? ಎಸ್.ಎಸ್. ಪುರಂನವರು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಎನ್ನುತ್ತಾರೆ, ಕ್ಯಾತ್ಸಂದ್ರದವರು ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಎನ್ನುತ್ತಾರೆ, ಗುಬ್ಬಿಯಿಂದ ಬಸ್ಸು ಹತ್ತಿ ಬಂದವರೊಬ್ಬರು ತುಸು ಸಂಕೋಚದಿಂದ ರಾಜನ್-ನಾಗೇಂದ್ರರ ಸಿನಿಮಾ ಹಾಡುಗಳು ಎನ್ನುತ್ತಾರೆ. ಆ ಸಂಕೋಚಕ್ಕೆ ಕಾರಣವೇ ಇಲ್ಲ. ಅದನ್ನು ಮುಂದೆ ಹೇಳುತ್ತೇನೆ. ಹೆಸರು ಹೇಳಿದ ಕೂಡಲೇ ಉಳಿದವರೆಲ್ಲ ತಲೆದೂಗುತ್ತೇವೆ, ರಾತ್ರಿಯ ಹೊತ್ತಿಗೆ ವಾಟ್ಸಾಪಿನಲ್ಲಿ ಅವುಗಳ ಕೊಂಡಿಗಳು ಸಾಲುಗಟ್ಟಿ ನಿಲ್ಲುತ್ತವೆ, ಮುಂದಿನ ಸಭೆಯಲ್ಲಿ ಕೇಳಿದರೆ ಅವುಗಳಲ್ಲಿ ಬಹುಪಾಲನ್ನು ಯಾರೂ ಒತ್ತಿ ನೋಡಿಲ್ಲವೆಂಬುದು ತಿಳಿಯುತ್ತದೆ. ಮದುವೆಮನೆಯಲ್ಲಿ ಅಡುಗೆಯ ಪಟ್ಟಿಯನ್ನು ಓದಿ ಕೈತೊಳೆದು ಎದ್ದುಬಂದಂತಾಗಿದೆ ನಮ್ಮ ವಿನಿಮಯ.

ಇದಕ್ಕೆ ಸಮಯದ ಅಭಾವವನ್ನು ದೂರುವುದು ವಾಡಿಕೆ. ನನಗೆ ತೋರುವ ಕಾರಣ ಬೇರೆ. ಧ್ವನಿಮುದ್ರಿಕೆಯೊಂದನ್ನು ಇನ್ನೊಬ್ಬರಿಗೆ ಸೂಚಿಸುವವರು ಮೊದಲು ಅದನ್ನು, ಅದನ್ನು ಮಾಡಿದವರು ಇಟ್ಟ ಕ್ರಮದಲ್ಲಿಯೇ, ಒಂದೇ ಸಲಕ್ಕೆ ಕೂತು ಪೂರ್ತಿ ಕೇಳಿರಬೇಕು; ಅನಂತರ ಅದರಲ್ಲಿ ಎಲ್ಲಿ ಕಿವಿಯಿಡಬೇಕೆಂಬುದನ್ನು ಹೆಸರಿನ ಜೊತೆಗೆ ಹೇಳಬೇಕು. ಇವೆರಡೂ ಇಲ್ಲದ ಸೂಚನೆಯನ್ನು ಯಾರೂ ಪಾಲಿಸುವುದಿಲ್ಲ, ಪಾಲಿಸದಿದ್ದವರನ್ನು ದೂರುವಂತೆಯೂ ಇಲ್ಲ. ಒಂದೇ ಸಲಕ್ಕೆ ಎಂದು ನಾನು ಒತ್ತಿ ಹೇಳುವುದಕ್ಕೆ ಚರಿತ್ರೆಯ ಆಧಾರವಿದೆ. ಧ್ವನಿಮುದ್ರಿಕೆಯು ಹುಟ್ಟಿದ ದಿನದಿಂದಲೂ ಅದರ ಉದ್ದವನ್ನು ಸಂಗೀತಗಾರರೊಬ್ಬರೇ ತೀರ್ಮಾನಿಸಿದ್ದಿಲ್ಲ. ಗ್ರಾಮಫೋನ್ ತಟ್ಟೆಯ ಅಗಲ, ಅದರ ಮೇಲೆ ಕೊರೆದ ಗೀರಿನ ಸಾಂದ್ರತೆ, ಕ್ಯಾಸೆಟ್ಟಿನ ನಾಡಾದ (ಟೇಪಿನ) ಉದ್ದ ಮೊದಲಾದವು ಆ ತೀರ್ಮಾನದಲ್ಲಿ ಪಾಲು ಪಡೆದಿವೆ. ಹಾಡಿದವರು ಆ ಮಿತಿಯನ್ನು ಬಲ್ಲವರಾಗಿ ಅದಕ್ಕೆ ತಕ್ಕಂತೆ ಹಾಡನ್ನು ಕಟ್ಟಿದರು. ಆ ಕಟ್ಟಡವನ್ನು ಕಾಣದೆ ಅಲ್ಲೊಂದು ಇಲ್ಲೊಂದು ತುಣುಕನ್ನು ಕೇಳಿದವರು ಕೇಳಿದ್ದು ಅರ್ಧವನ್ನು ಮಾತ್ರ.

ನಮ್ಮ ದೇಶದಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣ ಆರಂಭವಾದುದು 1902ರ ನವೆಂಬರಿನಲ್ಲಿ, ಕಲ್ಕತ್ತದಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞನು ಯಂತ್ರವನ್ನು ಹೊತ್ತುಕೊಂಡು ಬಂದು ಗೌಹರ್ ಜಾನರ ಹಾಡುಗಳನ್ನು ಮುದ್ರಿಸಿಕೊಂಡನು. ಹಾಡಿನ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಹೇಳುವುದು ಇಂದಿಗೂ ಕೇಳಸಿಗುತ್ತದೆ. ಆ ಮೇಣದ ಮೂಲಪ್ರತಿಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಅಚ್ಚಾಗಬೇಕಾಗಿದ್ದುದರಿಂದ, ಯಾವ ತಟ್ಟೆ ಯಾರದೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಹೀಗೆ ಹೇಳಿಸುತ್ತಿದ್ದರು ಎಂಬ ವಿವರಣೆ ಪ್ರಸಿದ್ಧವಾಗಿದೆ. ಹತ್ತು ಅಂಗುಲದ, ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷ, ಹೆಚ್ಚೆಂದರೆ ಮತ್ತೆ ಸ್ವಲ್ಪ. ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಾಯಿಸಬೇಕೆಂಬುದು ನಿಯಮ. ಉಳಿತಾಯದ ಮನೆಗಳಲ್ಲಿ ಅದೇ ಮುಳ್ಳಿನಲ್ಲಿ ಹತ್ತು ಬದಿ ಓಡಿಸಿ ತಟ್ಟೆಯನ್ನು ಬೂದಿ ಬಣ್ಣಕ್ಕೆ ತಿರುಗಿಸುತ್ತಿದ್ದುದೂ ನಿಜ.

ಈ ಮೂರು ನಿಮಿಷ ಎಂಥ ಬಿಗಿಯಾದ ಕಟ್ಟಳೆಯೆಂಬುದನ್ನು ಗುಬ್ಬಿಯ ಸೀಮೆಯವರಾದ ನಾವು ಬೇರೆಯವರಿಗಿಂತ ಚೆನ್ನಾಗಿ ಊಹಿಸಿಕೊಳ್ಳಬಲ್ಲೆವು. ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಅದನ್ನು ನಾಡಿನ ಮನೆಮಾತಾಗಿಸಿದ ವೀರಣ್ಣನವರು 1891ರಲ್ಲಿ ಹುಟ್ಟಿ 1972ರವರೆಗೆ ಬಾಳಿದರು. ಕಂಪನಿ ನಾಟಕದ ಹಾಡಿಗೆ ಗಡಿಯಾರವಿರಲಿಲ್ಲ. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ ನಟನು ಸತ್ತುಬಿದ್ದ ಜಾಗದಿಂದ ಎದ್ದು ಮತ್ತೊಮ್ಮೆ ಹಾಡಿ ಮತ್ತೆ ಸಾಯುತ್ತಿದ್ದನೆಂದು ಹಿರಿಯರು ನಗುತ್ತಾ ಹೇಳುವುದನ್ನು ನೀವೂ ಕೇಳಿದ್ದೀರಿ. ಅಂಥ ರಂಗದ ಹಾಡು 78ರ ತಟ್ಟೆಗೆ ಬಂದಾಗ ಪಲ್ಲವಿ, ಒಂದು ಚರಣ, ಅವಸರದ ನಾಲ್ಕು ಸಂಗತಿ (ಒಂದೇ ಸಾಲನ್ನು ಬದಲಿಸಿ ಹಾಡುವ ಬಗೆ) ಇಷ್ಟಕ್ಕೇ ಇಳಿಯಬೇಕಾಯಿತು. ಹಾರ್ಮೋನಿಯಂ ಪೆಟ್ಟಿಗೆಯ ಪೀಠಿಕೆಯಂತೂ ಎರಡು ಎಳೆತಕ್ಕೆ ಮುಗಿದುಹೋಗುತ್ತದೆ. ಆದರೂ ಈ ಇಕ್ಕಟ್ಟಿನಲ್ಲಿ ನಷ್ಟವಷ್ಟೇ ಆಯಿತೆಂದು ನಾನು ಒಪ್ಪುವುದಿಲ್ಲ. ಅಬ್ದುಲ್ ಕರೀಂ ಖಾನರ ಭೈರವಿ ಠುಮರಿಯನ್ನು ಕೇಳಿರಿ. ವಿಲಂಬಿತದಲ್ಲಿ, ಎಂದರೆ ನಿಧಾನ ಗತಿಯಲ್ಲಿ, ಒಂದೊಂದೇ ಸ್ವರವನ್ನು ತೆರೆಯುತ್ತಾ ಅರ್ಧ ಗಂಟೆ ಕಳೆಯುವುದಕ್ಕೆ ಹೆಸರಾದ ಕಿರಾಣಾ ಘರಾಣೆಯ (ಗಾಯನ ಪರಂಪರೆಯ) ಗಾಯಕರು, ಮೂರು ನಿಮಿಷದೊಳಗೆ ಎಲ್ಲಿಯೂ ಓಡದೆ, ಎಲ್ಲಿಯೂ ಉಸಿರು ಕಟ್ಟದೆ, ಇನ್ನೂ ಸಮಯವಿದೆಯೆಂಬ ಭಾವದಲ್ಲಿಯೇ ಹಾಡಿ ಮುಗಿಸುತ್ತಾರೆ. ಯಾವುದನ್ನು ಹಾಡಬೇಕೆಂಬುದಕ್ಕಿಂತ ಯಾವುದನ್ನು ಬಿಡಬೇಕೆಂಬ ನಿರ್ಧಾರವೇ ಅಲ್ಲಿ ದೊಡ್ಡದು. ಅದೇ ಘರಾಣೆಯ ಗಂಗೂಬಾಯಿ ಹಾನಗಲ್ಲರ ಎಳೆಯ ವಯಸ್ಸಿನ 78ರ ಮುದ್ರಣಗಳಲ್ಲಿ ಧ್ವನಿ ಇನ್ನೂ ತೆಳುವಾಗಿ ಎತ್ತರದಲ್ಲಿದೆ. ಅನಂತರದ ಅವರ ಗಂಡುದನಿಯ ಗಾಂಭೀರ್ಯವನ್ನು ಬಲ್ಲವರು ಅವನ್ನು ಕೇಳಿ ನಂಬುವುದೇ ಕಷ್ಟ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯು ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತಿನ ಲಾಂಗ್ ಪ್ಲೇ (ಎಲ್‌ಪಿ) ತಟ್ಟೆಯನ್ನು ಹೊರತಂದಿತು. ಮೂರು ನಿಮಿಷವಿದ್ದುದು ಇಪ್ಪತ್ತು ನಿಮಿಷ ದಾಟಿತು. ಎಲ್‌ಪಿಯ ಬಗ್ಗೆ ಮಾತನಾಡುವವರು ಧ್ವನಿಯ ಬೆಚ್ಚನೆಯ ಗುಣವನ್ನು ಹೊಗಳುತ್ತಾರೆ. ಅದರ ಬಗ್ಗೆ ನನಗೆ ಅಷ್ಟೊಂದು ಉತ್ಸಾಹವಿಲ್ಲ. ನನಗೆ ಕುತೂಹಲವೆನ್ನಿಸುವುದು ಅದರ ಜ್ಯಾಮಿತಿ. ತಟ್ಟೆ ತಿರುಗುವ ವೇಗ ಮೊದಲಿನಿಂದ ಕೊನೆಯವರೆಗೆ ಒಂದೇ ಆದರೂ, ಮುಳ್ಳಿನ ಕೆಳಗೆ ಹರಿದುಹೋಗುವ ಗೀರಿನ ಉದ್ದ ಒಂದೇ ಸಮನಾಗಿರುವುದಿಲ್ಲ. ಹನ್ನೆರಡು ಅಂಗುಲದ ತಟ್ಟೆಯ ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಮುಳ್ಳಿನಡಿ ಸಾಗಿದರೆ, ಒಳಗಿನ ಕೊನೆಯ ಸುತ್ತುಗಳಲ್ಲಿ ಸಾಗುವುದು ಸುಮಾರು 21 ಸೆಂಟಿಮೀಟರ್ ಮಾತ್ರ. ಅಷ್ಟೇ ನಾದವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೊರೆಯಬೇಕಾದ್ದರಿಂದ ಒಳಸುತ್ತಿನಲ್ಲಿ ‘ಸ’ಕಾರ ‘ಶ’ಕಾರಗಳು ಕರಕರ ಎನ್ನತೊಡಗುತ್ತವೆ, ತಾಳದ ಕಂಚು ಮಸುಕಾಗುತ್ತದೆ. ಆದ್ದರಿಂದಲೇ ಹಾಡುಗಳ ಎಲ್‌ಪಿಯನ್ನು ಜೋಡಿಸುವವರು ಅಬ್ಬರದ ಹಾಡನ್ನು ಬದಿಯ ಆರಂಭದಲ್ಲಿಟ್ಟು ಮೆಲ್ಲಗಿನದನ್ನು ಕೊನೆಗೆ ಇಡುವುದನ್ನು ರೂಢಿ ಮಾಡಿಕೊಂಡರು. ಹಳೆಯ ಎಲ್‌ಪಿಯೊಂದರ ಬದಿಯು ಸೌಮ್ಯವಾಗಿ ಮುಗಿಯುವುದನ್ನು ಕೇಳಿ ನಾವು ಅದನ್ನು ಕೇವಲ ರಸೌಚಿತ್ಯವೆಂದು ಮೆಚ್ಚಿಕೊಂಡರೆ, ಅದರ ಹಿಂದೆ ಕೊರೆಯುವ ಯಂತ್ರದ ಒತ್ತಾಯವೂ ಇದ್ದಿರಬಹುದೆಂಬುದನ್ನು ನೆನಪಿಡಬೇಕು.

ನಮ್ಮ ಶಾಸ್ತ್ರೀಯ ಸಂಗೀತಕ್ಕೆ ಇಲ್ಲೊಂದು ಪೇಚು ಎದುರಾಯಿತು. ಹಿಂದುಸ್ತಾನಿ ಗಾಯನರೂಪವಾದ ಖಯಾಲು ಮೆಲ್ಲಗೆ ಆರಂಭವಾಗಿ ಕೊನೆಯಲ್ಲಿ ದ್ರುತದ ತಾನುಗಳಲ್ಲಿ, ಎಂದರೆ ಬಿರುಸಿನ ಸ್ವರಸರಣಿಗಳಲ್ಲಿ, ಏರಬೇಕು. ತಟ್ಟೆಯಾದರೋ ಕೊನೆಯಲ್ಲಿ ಕ್ಷೀಣಿಸುತ್ತದೆ. ಕಿಶೋರಿ ಅಮೋಣಕರರ ಭೂಪ ರಾಗದ ಎಲ್‌ಪಿ ನಮ್ಮಲ್ಲಿ ಅನೇಕರ ಮನೆಯಲ್ಲಿ ಯಾವುದಾದರೂ ರೂಪದಲ್ಲಿದೆ. ವಿಲಂಬಿತದ ‘ಪ್ರಥಮ ಸುರ ಸಾಧೆ’, ಅನಂತರ ದ್ರುತದ ‘ಸಹೇಲಾ ರೇ’. ಈಗ ಹೆಚ್ಚಿನವರು ಎರಡನೆಯದನ್ನು ಮಾತ್ರ ಹುಡುಕಿ ಒತ್ತುತ್ತಾರೆ, ಏಕೆಂದರೆ ಅದು ಪ್ರಸಿದ್ಧ. ಹಾಗೆ ಮಾಡಬೇಡಿರೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಭೂಪಕ್ಕೆ ಇರುವುದು ಐದೇ ಸ್ವರ: ಸ ರಿ ಗ ಪ ಧ. ನಮ್ಮ ಮೋಹನಕ್ಕೂ ಅವೇ ಐದು, ಹಿಂದುಸ್ತಾನಿಯ ದೇಶಕಾರಕ್ಕೂ ಅವೇ ಐದು. ಭೂಪವು ಗಾಂಧಾರದ (ಗ) ಮೇಲೆ ನೆಲೆನಿಲ್ಲುವ ಸಂಜೆಯ ರಾಗ, ದೇಶಕಾರವು ಧೈವತದ (ಧ) ಕಡೆಗೆ ಎಳೆಯುವ ಬೆಳಗಿನ ರಾಗ. ವಿಲಂಬಿತದಲ್ಲಿ ಕಿಶೋರಿಯವರು ಧೈವತವನ್ನು ಮುಟ್ಟಿದರೂ ಅಲ್ಲಿ ತಂಗದೆ ಗಾಂಧಾರಕ್ಕೆ ಮರಳುವ ಬಗೆಯನ್ನು ಸ್ವಲ್ಪ ಹೊತ್ತು ಹಿಂಬಾಲಿಸಿದ ಕಿವಿಗೆ ಮಾತ್ರ, ದ್ರುತದ ಆ ಸರಳ ಕರೆ ಯಾವ ನೆಲದ ಮೇಲೆ ನಿಂತಿದೆಯೆಂಬುದು ತಿಳಿಯುತ್ತದೆ. ಕರ್ನಾಟಕ ಸಂಗೀತದಲ್ಲಿ ಬೆಳೆದವರು ಇದಾದ ಮೇಲೆ ಮೋಹನದ ಯಾವುದಾದರೂ ಒಳ್ಳೆಯ ವೀಣೆಯ ಮುದ್ರಣವನ್ನು ಕೇಳಿದರೆ, ಅಲ್ಲಿ ಅದೇ ಗಾಂಧಾರ ಎಷ್ಟು ಬೇರೆಯಾಗಿ ತೂಗುತ್ತದೆಂಬುದನ್ನು ಯಾವ ಪಾಠದ ಸಹಾಯವೂ ಇಲ್ಲದೆ ಗುರುತಿಸಬಲ್ಲರು. ಈ ಜೋಡಿಯನ್ನು ಕೇಳಿ ಎಂದು ಯಾರಾದರೂ ನನಗೆ ಹೇಳಿದ್ದರೆ ಅದನ್ನು ನಾನು ಸೂಚನೆಯೆಂದು ಒಪ್ಪುತ್ತಿದ್ದೆ.

ಕ್ರಮವು ಮುಖ್ಯವೆಂಬುದಕ್ಕೆ ಇನ್ನೂ ಸ್ಪಷ್ಟವಾದ ಉದಾಹರಣೆ 1967ರ ‘ಕಾಲ್ ಆಫ್ ದಿ ವ್ಯಾಲಿ’. ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ ಚೌರಾಸಿಯಾರ ಕೊಳಲು, ಬ್ರಿಜಭೂಷಣ ಕಾಬ್ರಾರ ಗಿಟಾರ್ ಕೂಡಿ ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಅದರಲ್ಲಿ ಹೇಳುತ್ತವೆ. ಮುಂಜಾನೆಗೆ ಅಹೀರ್ ಭೈರವ್ ಮತ್ತು ನಟ್ ಭೈರವ್, ಅಲ್ಲಿಂದ ಪೀಲು, ಸಂಜೆಗೆ ಭೂಪ, ರಾತ್ರಿಗೆ ದೇಸ್, ಕೊನೆಗೆ ಪಹಾಡಿ. ರಾಗಗಳ ಸಮಯನಿಯಮವೇ ಕಥೆಯ ಚೌಕಟ್ಟಾಗಿರುವ ಇಂಥ ಮುದ್ರಿಕೆಯನ್ನು ಫೋನಿನಲ್ಲಿ ‘ಶಫಲ್’ ಮಾಡಿ, ಎಂದರೆ ಕ್ರಮ ಕಲಸಿ, ಕೇಳಿದರೆ ಕುರುಬನು ರಾತ್ರಿ ಎದ್ದು ಮುಂಜಾನೆ ಮಲಗುತ್ತಾನೆ. ತಂತ್ರಾಂಶದ ಕಂಪನಿಗಳು ಆ ಗುಂಡಿಯನ್ನು ಪರದೆಯ ಮೇಲೆ ಏಕೆ ಅಷ್ಟು ಕಣ್ಣಿಗೆ ಬೀಳುವಂತೆ ಇಡುತ್ತವೆಯೋ ನಾನರಿಯೆ. ಮನೆಯ ಫೋನುಗಳಲ್ಲಿ ಅದನ್ನು ಆರಿಸಿಡುವುದು ನಮ್ಮ ಕೈಯಲ್ಲೇ ಇದೆ. ಮುದ್ರಿಕೆ ಮುಗಿದ ಕೂಡಲೇ ತಾನಾಗಿಯೇ ಬೇರೇನೋ ಹಾಡತೊಡಗುವ ಸೌಲಭ್ಯವನ್ನೂ ಜೊತೆಯಲ್ಲೇ ಆರಿಸಿಬಿಡಿ.

ಕ್ಯಾಸೆಟ್ಟಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ಮೂರು ಜಿಲ್ಲೆಗಳ ಮನೆಗಳೊಳಕ್ಕೆ ಸಂಗೀತವನ್ನು ನಿಜವಾಗಿ ತಂದದ್ದು ಅದೇ. ಗ್ರಾಮಫೋನು ಶಾನುಭೋಗರ ಮನೆಯಲ್ಲೋ ಊರಿನ ಸಾಹುಕಾರರ ಮನೆಯಲ್ಲೋ ಇರುತ್ತಿತ್ತು. ಟೇಪ್ ರೆಕಾರ್ಡರ್ ಮಾತ್ರ ಕೊಬ್ಬರಿ ಮಾರಿದ ದುಡ್ಡಿನಲ್ಲಿ ತಿಪಟೂರಿನ ತೋಟದ ಮನೆಗೂ, ರೇಷ್ಮೆಗೂಡಿನ ದುಡ್ಡಿನಲ್ಲಿ ಶಿಡ್ಲಘಟ್ಟದ ಹುಳುಮನೆಗೂ ಬಂದಿತು. ಫಿಲಿಪ್ಸ್ ಕಂಪನಿಯು 1963ರಲ್ಲಿ ಹೊರತಂದ ಈ ಪುಟ್ಟ ಪೆಟ್ಟಿಗೆಯಲ್ಲಿ, ಅರವತ್ತು ನಿಮಿಷದ ನಾಡಾ ಆದರೆ ಬದಿಗೆ ಮೂವತ್ತು, ತೊಂಬತ್ತರದಾದರೆ ಬದಿಗೆ ನಲವತ್ತೈದು ನಿಮಿಷ ಹಿಡಿಸುತ್ತದೆ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಗುರುತಿಸಲಾಗುವ ‘ನಿತ್ಯೋತ್ಸವ’ವು 1978ರಲ್ಲಿ ಬಂದಿತು, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಮಾಡಿದ ರಾಗಸಂಯೋಜನೆ ಅದು. ಪಿ. ಕಾಳಿಂಗರಾಯರು ವೇದಿಕೆಯಲ್ಲೂ ತಟ್ಟೆಯಲ್ಲೂ ಬಿಡಿಬಿಡಿಯಾಗಿ ಹಾಡಿ ಬೆಳೆಸಿದ ಕವಿತಾಗಾಯನವು ಅಂದಿನಿಂದ ಒಬ್ಬ ಕವಿಯ ಹೆಸರಿನಲ್ಲಿ ಒಂದೇ ಪೆಟ್ಟಿಗೆಯಲ್ಲಿ ದೊರೆಯತೊಡಗಿತು. ಸಿ. ಅಶ್ವಥ್ ಅವರ ‘ಮೈಸೂರು ಮಲ್ಲಿಗೆ’, ಅವರದೇ ಶಿಶುನಾಳ ಷರೀಫರ ಪದಗಳು ಇದೇ ದಾರಿಯಲ್ಲಿ ಬಂದವು. ಕವನಸಂಕಲನವನ್ನು ಎಂದೂ ಕೊಳ್ಳದ ಮನೆಗಳಲ್ಲಿ ಕವಿಯ ಸಾಲುಗಳು ಬಾಯಿಪಾಠವಾದದ್ದು ಹೀಗೆ. ರಾಗ ಹಾಕಿದರೆ ಕವಿತೆ ಕೆಡುತ್ತದೆಂದು ವಾದಿಸುವ ಮಿತ್ರರು ಈ ಸಭೆಯಲ್ಲಿಯೂ ಇದ್ದಾರೆ. ಕೆಲವು ಕವಿತೆಗಳು ಕೆಟ್ಟಿವೆ, ಒಪ್ಪುತ್ತೇನೆ. ಆದರೆ ಷರೀಫರ ಪದಗಳ ಬಗ್ಗೆ ಆ ವಾದವನ್ನು ಮಂಡಿಸುವುದು ಸಾಧ್ಯವಿಲ್ಲ. ಅವು ಹಾಡಾಗಿಯೇ ಹುಟ್ಟಿದವು.

ನಗರದ ರಸಿಕರು ತಮ್ಮ ಪಟ್ಟಿಯಲ್ಲಿ ಎಂದೂ ಸೇರಿಸದ, ಆದರೆ ಹಳ್ಳಿಗಳಲ್ಲಿ ಇವೆಲ್ಲಕ್ಕಿಂತ ಹೆಚ್ಚು ಓಡಿದ ಕ್ಯಾಸೆಟ್ಟುಗಳೆಂದರೆ ಗುರುರಾಜುಲು ನಾಯ್ಡು ಅವರ ಹರಿಕಥೆಗಳು. ಸಿನಿಮಾದಲ್ಲಿ ಅರುಣ್ ಕುಮಾರ್ ಎಂಬ ಹೆಸರಿನಿಂದ ನಟಿಸಿದ ಅವರು ಕಥೆ, ಹಾಡು, ಹಾಸ್ಯ, ಬೇರೆಬೇರೆ ಪಾತ್ರಗಳ ದನಿ ಇಷ್ಟನ್ನೂ ಒಬ್ಬರೇ ನಿಭಾಯಿಸುತ್ತಿದ್ದರು. ‘ನಲ್ಲತಂಗ’ದ ಕಥೆಯನ್ನು ಹಾಕಿದರೆ ಬೀದಿಯ ಹೆಂಗಸರು ಮೊರವನ್ನು ಕೆಳಗಿಟ್ಟು ಕೂರುತ್ತಿದ್ದರು. ಬರಗಾಲದಲ್ಲಿ ಮಕ್ಕಳೊಡನೆ ತವರಿಗೆ ಬಂದ ತಂಗಿಯನ್ನು ಅತ್ತಿಗೆಯು ನಡೆಸಿಕೊಂಡ ಆ ಕಥೆ ಒಂದು ಬದಿಯಲ್ಲಿ ಮುಗಿಯುವಂಥದ್ದಲ್ಲ. ದುಃಖವು ಏರುತ್ತಿರುವಾಗಲೇ ನಾಡಾ ಮುಗಿದು ‘ಟಕ್’ ಎಂದು ಗುಂಡಿ ಎದ್ದುಬರುತ್ತದೆ. ಯಾರಾದರೊಬ್ಬರು ಎದ್ದುಹೋಗಿ ಕ್ಯಾಸೆಟ್ಟನ್ನು ತಿರುಗಿಸಿ ಹಾಕುವವರೆಗೆ ಇಡೀ ಜಗಲಿ ಸೆರಗಿನಿಂದ ಕಣ್ಣೊರೆಸಿಕೊಂಡು ಕಾಯುತ್ತದೆ. ಒಂದೇ ಸಲಕ್ಕೆ ಕೂತು ಪೂರ್ತಿ ಕೇಳುವುದು ಈಗಿನ ಕಾಲದಲ್ಲಿ ಆಗದ ಮಾತು ಎನ್ನುವವರಿಗೆ ನಾನು ಆ ಜಗಲಿಯ ಹೆಂಗಸರನ್ನು ತೋರಿಸುತ್ತೇನೆ. ಅವರಿಗೆ ನಮಗಿಂತ ಹೆಚ್ಚು ಬಿಡುವಿತ್ತೆಂದು ಯಾರೂ ಹೇಳಲಾರರು.

ಇನ್ನು, ಅತಿ ಹೆಚ್ಚು ಮನೆಗಳಲ್ಲಿ ದಿನವೂ ಮೊಳಗಿದರೂ ಅತಿ ಕಡಿಮೆ ಜನ ಗಮನವಿಟ್ಟು ಕೇಳಿದ ಮುದ್ರಿಕೆ ಯಾವುದೆಂದರೆ, 1963ರ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ. ಕಾಫಿಯ ಡಿಕಾಕ್ಷನ್ ಇಳಿಯುವ ಸದ್ದಿನ ಹಿನ್ನೆಲೆಯಾಗಿ, ಹೋಟೆಲಿನಲ್ಲಿ ಮೊದಲ ಇಡ್ಲಿಯ ಪಾತ್ರೆ ಇಳಿಸುವ ಹೊತ್ತಿನ ಗುರುತಾಗಿ ಅದು ನಮಗೆ ಗೊತ್ತು. ಒಂದು ಭಾನುವಾರ ಮಧ್ಯಾಹ್ನ, ಬೆಳಗಿನ ಗಡಿಬಿಡಿಯಿಲ್ಲದ ಹೊತ್ತಿನಲ್ಲಿ ಅದನ್ನು ಕೇಳಿ ನೋಡಿರೆಂದು ಸೂಚಿಸುತ್ತೇನೆ. ಮಧ್ಯಾಹ್ನ ಸುಪ್ರಭಾತವೇ ಎಂದು ಮನೆಯ ಹಿರಿಯರು ಗದರಬಹುದು, ಬಾಗಿಲು ಹಾಕಿಕೊಳ್ಳಿ. ಮೊದಲ ಶ್ಲೋಕವು ವಾಲ್ಮೀಕಿ ರಾಮಾಯಣದ ಬಾಲಕಾಂಡದ್ದು, ವಿಶ್ವಾಮಿತ್ರರು ಎಳೆಯ ರಾಮನನ್ನು ಎಬ್ಬಿಸುವ ಮಾತು. ಉಳಿದದ್ದು ದೇವಾಲಯದ ಸ್ತೋತ್ರ. ಕಾಡಿನ ನದೀತೀರದಿಂದ ತಿರುಮಲೆಯ ಗರ್ಭಗುಡಿಗೆ ಒಂದೇ ಉಸಿರಿನಲ್ಲಿ ಸಾಗುವ ಆ ದಾಟು ಎಲ್ಲಿಯೂ ಗೊತ್ತಾಗುವುದೇ ಇಲ್ಲ. ಎಂ.ಎಸ್. ಅವರ ಕಂಠದ ಜೊತೆಗೆ ರಾಧಾ ವಿಶ್ವನಾಥನ್ ಅವರ ಕಂಠವೂ ಇದೆಯೆಂಬುದನ್ನು ವರ್ಷಾನುಗಟ್ಟಲೆ ಕೇಳಿದವರೂ ಗಮನಿಸಿರುವುದಿಲ್ಲ. ಆ ಎರಡನೆಯ ದನಿಯನ್ನು ಮಾತ್ರ ಹಿಡಿದು ಒಮ್ಮೆ ಕೇಳಿರಿ. ಎರಡು ದನಿಗಳು ಒಂದೆಂದು ಭ್ರಮೆ ಹುಟ್ಟುವಂತೆ ಅಕ್ಷರದ ಅಂಚುಗಳು ಒಂದರ ಮೇಲೊಂದು ಕೂರಬೇಕಾದರೆ ಎಷ್ಟು ಅಭ್ಯಾಸ ನಡೆದಿರಬೇಕು!

ಸಿನಿಮಾ ಹಾಡಿನ ವಿಷಯದಲ್ಲಿ ಸಂಕೋಚ ಬೇಡವೆಂದು ಆರಂಭದಲ್ಲಿ ಹೇಳಿದೆ. ಕಾರಣವಾಗಿ ಒಂದೇ ಮುದ್ರಿಕೆಯನ್ನು ಮುಂದಿಡುತ್ತೇನೆ: 1977ರ ‘ಸನಾದಿ ಅಪ್ಪಣ್ಣ’. ಸಂಗೀತ ಜಿ.ಕೆ. ವೆಂಕಟೇಶ್ ಅವರದು, ಶಹನಾಯಿ ಬಿಸ್ಮಿಲ್ಲಾ ಖಾನರದು. ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿ ಬೆಳೆದ ರಾಜಕುಮಾರರು ತೆರೆಯ ಮೇಲೆ ವಾದ್ಯವನ್ನು ತುಟಿಗಿಟ್ಟಿದ್ದಾರೆ. ಎಸ್. ಜಾನಕಿಯವರು ಹಾಡಿದ ‘ಕರೆದರೂ ಕೇಳದೆ’ ಹಾಡನ್ನು ಚಿತ್ರವನ್ನು ನೋಡದೆ, ಧ್ವನಿಯನ್ನಷ್ಟೇ ಇಟ್ಟುಕೊಂಡು ಕೇಳಬೇಕು. ಶಹನಾಯಿಯು ಮೊದಲು ಒಂದು ಎಳೆಯನ್ನು ಬಿಡುತ್ತದೆ, ಜಾನಕಿಯವರು ಅದನ್ನು ಹಿಡಿಯುತ್ತಾರೆ. ಆದರೆ ನಕಲು ಮಾಡುವುದಿಲ್ಲ. ಗಾಳಿವಾದ್ಯಕ್ಕೆ ಸಹಜವಾದ ಜಾರುವಿಕೆಯನ್ನು ಅವರು ಕಂಠಕ್ಕೆ ಸಹಜವಾದ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಮಾರ್ಪಡಿಸಿಕೊಳ್ಳುತ್ತಾರೆ. ಪಕ್ಕದಲ್ಲಿ ಇರುವವರು ಬಿಸ್ಮಿಲ್ಲಾ ಖಾನರು ಎಂಬ ಅಳುಕು ಆ ಕಂಠದಲ್ಲಿ ಎಲ್ಲಿಯೂ ಇಲ್ಲ. ಇದನ್ನು ಕೇಳಿ ಆನಂದಿಸಿದೆನೆಂದು ಹೇಳುವುದಕ್ಕೆ ಯಾವ ರಸಿಕನೂ ನಾಚಬೇಕಾಗಿಲ್ಲ.

ಗಡಿಯ ಕಡೆಯ ಮನೆಗಳ ಬಗ್ಗೆ ಎರಡು ಮಾತು. ಪಾವಗಡ, ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲುಗಳಲ್ಲಿ ಕನ್ನಡ ಓದಿ ತೆಲುಗು ಮಾತನಾಡುವ ಮನೆಗಳು ಸಾವಿರಾರು. ಅವರ ಕಪಾಟಿನಲ್ಲಿ ದಾಸರ ಪದಗಳ ಪಕ್ಕದಲ್ಲಿಯೇ ತೆಲುಗು ಗಾಯಕ ಘಂಟಸಾಲರ ಭಗವದ್ಗೀತೆಯಿದೆ. ಸಾವಿನ ಮನೆಯ ಮುಂದೆ ಅದನ್ನು ಹಾಕುವ ರೂಢಿ ಎಷ್ಟು ಬಲವಾಗಿದೆಯೆಂದರೆ, ಬೇರೆ ದಿನ ಅದನ್ನು ಕೇಳಲು ಜನ ಹಿಂಜರಿಯುತ್ತಾರೆ. ಒಳ್ಳೆಯ ಮುದ್ರಿಕೆಯೊಂದಕ್ಕೆ ಇಂಥ ಗತಿ ಬರಬಾರದಾಗಿತ್ತು. ದಾಸಸಾಹಿತ್ಯಕ್ಕೆ ಬುನಾದಿ ಹಾಕಿದ ಶ್ರೀಪಾದರಾಜರು ಮುಳಬಾಗಿಲಿನವರು, ‘ರಂಗವಿಠಲ’ ಅವರ ಅಂಕಿತ. ಕೈವಾರದ ತಾತಯ್ಯನವರು ಕನ್ನಡ ತೆಲುಗುಗಳೆರಡರಲ್ಲಿಯೂ ಪದಗಳನ್ನು ಕಟ್ಟಿದರು. ಕೈವಾರದಲ್ಲಿ ಗುರುಪೂರ್ಣಿಮೆಯ ಹೊತ್ತಿಗೆ ನಡೆಯುವ ಸಂಗೀತೋತ್ಸವಕ್ಕೆ ಹೋದವರಿಗೆ ಎರಡು ಭಾಷೆಗಳ ನಡುವೆ ಗೆರೆ ಎಳೆಯುವ ಕೆಲಸ ಅಲ್ಲಿ ಯಾರಿಗೂ ಬೇಕಾಗಿಲ್ಲವೆಂಬುದು ಗೊತ್ತು. ಕೋಲಾರದ ಚಿನ್ನದ ಗಣಿಯ ವಸತಿಗಳಲ್ಲಿ ಆಂಗ್ಲೋ ಇಂಡಿಯನ್ ಮನೆಗಳ ಪಾಶ್ಚಾತ್ಯ ತಟ್ಟೆಗಳೂ ತಮಿಳು ಕಾರ್ಮಿಕರ ಮನೆಗಳ ಹಾಡುಗಳೂ ಒಂದೇ ಊರಿನೊಳಗೆ ಮೊಳಗಿದವು. ಗಣಿ 2001ರಲ್ಲಿ ಮುಚ್ಚಿತು, ಕುಟುಂಬಗಳು ಚದುರಿದವು. ಅಲ್ಲಿನ ಮನೆಗಳಲ್ಲಿ ಏನೇನು ಕೇಳುತ್ತಿದ್ದರು ಎಂಬುದನ್ನು ಆ ಕಡೆಯವರೇ ಯಾರಾದರೂ ಬಂದು ನಮಗೆ ಹೇಳಬೇಕು. ನಾನು ಹೇಳಿದರೆ ಅದು ಎರವಲು ಮಾತಾಗುತ್ತದೆ.

ಕೊನೆಯದಾಗಿ, ಮುದ್ರಿಕೆಯಾಗಿ ನಮ್ಮ ಮನೆಗಳಿಗೆ ಸರಿಯಾಗಿ ಬಾರದೇ ಉಳಿದ ನಮ್ಮದೇ ಸಂಗೀತದ ವಿಷಯ. ಸಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯವನ್ನು ಹಾಡುವವರು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲನ್ನು ನುಡಿಸುತ್ತಾರೆ. ಅದರ ನಾದದಲ್ಲಿ ಸ್ವರದಷ್ಟೇ ಉಸಿರೂ ಇದೆ. ಆ ಉಸಿರನ್ನು ಗದ್ದಲವೆಂದು ಭಾವಿಸಿ ಅಳಿಸಿಹಾಕುವ ತಂತ್ರಾಂಶಗಳು ಈಗ ಫೋನಿನೊಳಗೇ ಕೂತಿವೆ. ತಮಟೆಯ ಕಥೆ ಇನ್ನೂ ವಿಷಮವಾದದ್ದು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಬಳಗದಲ್ಲಿ ಎಲ್ಲರೂ ಸಂತೋಷಪಟ್ಟೆವು. ಆದರೆ ತಮಟೆಯ ಒಂದು ಒಳ್ಳೆಯ ಮುದ್ರಣ ನಮ್ಮಲ್ಲಿ ಯಾರ ಮನೆಯಲ್ಲಿದೆಯೆಂದು ಕೇಳಿದರೆ ಉತ್ತರವಿರಲಿಲ್ಲ. ಬೆಂಕಿಗೆ ಹಿಡಿದು ಚರ್ಮವನ್ನು ಬಿಗಿಗೊಳಿಸಿದ ಮೇಲೆ, ಒಂದು ಕೈಯಲ್ಲಿ ದಪ್ಪನೆಯ ಗಿಡ್ಡ ಕಡ್ಡಿ, ಇನ್ನೊಂದರಲ್ಲಿ ತೆಳ್ಳನೆಯ ಉದ್ದ ಕಡ್ಡಿ ಹಿಡಿದು ಹೊಡೆಯು‌ವಾಗ ಎರಡು ಬಗೆಯ ಪೆಟ್ಟುಗಳು ಕೇಳಿಸುತ್ತವೆ. ಫೋನಿನ ಮೈಕು ಮೊದಲ ದಪ್ಪ ಪೆಟ್ಟಿಗೇ ಬೆದರಿ ಧ್ವನಿಯ ಮಟ್ಟವನ್ನು ತಾನಾಗಿಯೇ ತಗ್ಗಿಸುತ್ತದೆ; ಆಮೇಲೆ ಬರುವ ಸಣ್ಣ ಕಡ್ಡಿಯ ಚಿಟಿಚಿಟಿ ನುಡಿಗಳು ಅದರಡಿಯಲ್ಲಿ ಮುಳುಗುತ್ತವೆ; ನುಡಿಸುವಿಕೆ ನಿಂತ ಕೂಡಲೇ ಮಟ್ಟ ಏರಿ ಜನರ ಮಾತು, ಬೈಕಿನ ಸದ್ದು ನುಗ್ಗುತ್ತವೆ. ಕೈಯಿಂದ ಮಟ್ಟವನ್ನು ನಿಗದಿ ಮಾಡಬಹುದಾದ ಸಣ್ಣ ರೆಕಾರ್ಡರೊಂದನ್ನು, ಅತಿ ಜೋರಿನ ಪೆಟ್ಟಿಗೆ ಹೊಂದಿಸಿಕೊಂಡು, ಐದಾರು ಹೆಜ್ಜೆ ದೂರದಲ್ಲಿಟ್ಟರೆ ಈ ತೊಂದರೆಯ ಬಹುಪಾಲು ನೀಗುತ್ತದೆ. ನುಡಿಸುವವರ ಒಪ್ಪಿಗೆಯನ್ನೂ ಸಂಭಾವನೆಯನ್ನೂ ಮೊದಲು ಮಾತಾಡಿಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ನಮ್ಮ ಬಳಗವು ಬೇರೆಯವರ ಮುದ್ರಿಕೆಗಳನ್ನು ಕೇಳುವುದರ ಜೊತೆಗೆ ಇಂಥದೊಂದನ್ನು ತಾನೇ ಮಾಡಬಲ್ಲದೆಂದು ನಾನು ನಂಬುತ್ತೇನೆ.

ಉಪನ್ಯಾಸದ ಬಳಿಕ ಸಭಿಕರೊಬ್ಬರು, ಮನೆಯಲ್ಲಿರುವ ಹಳೆಯ ಕ್ಯಾಸೆಟ್ಟುಗಳನ್ನು, ಅದರಲ್ಲಿಯೂ ಆಕಾಶವಾಣಿಯಿಂದ ಹಿಡಿದಿಟ್ಟವುಗಳನ್ನು ಏನು ಮಾಡಬೇಕೆಂದು ಕೇಳಿದರು. ನನ್ನ ಉತ್ತರವನ್ನು ಇಲ್ಲಿ ಸೇರಿಸುತ್ತೇನೆ. ಮೊದಲಿಗೆ ಅವನ್ನು ಸ್ಪೀಕರಿನ ಪಕ್ಕದಿಂದ ತೆಗೆಯಿರಿ, ಅದರೊಳಗಿನ ಅಯಸ್ಕಾಂತವು ನಾಡಾಕ್ಕೆ ಶತ್ರು. ಬೇಸಿಗೆಯಲ್ಲಿ ಕಾಯುವ ಶೀಟಿನ ಅಟ್ಟದಲ್ಲಿ ಇಡಬೇಡಿ. ಬಹಳ ಕಾಲ ಓಡಿಸದೆ ಇಟ್ಟ ನಾಡಾದಲ್ಲಿ ಒಂದು ಸುತ್ತಿನ ಧ್ವನಿ ಪಕ್ಕದ ಸುತ್ತಿಗೆ ಅಂಟಿಕೊಂಡು, ಹಾಡು ಆರಂಭವಾಗುವ ಮೊದಲೇ ಅದರ ಮಂದ ನೆರಳು ಕೇಳಿಸುವುದುಂಟು. ನಕಲು ತೆಗೆಯುವ ಮೊದಲು ಎರಡು ಮೂರು ಬಾರಿ ಹಿಂದಕ್ಕೂ ಮುಂದಕ್ಕೂ ಸುತ್ತಿದರೆ ಅದು ಸ್ವಲ್ಪ ಕಡಿಮೆಯಾಗುತ್ತದೆ. ಧ್ವನಿ ಮಂಕಾಗಿದ್ದರೆ ನಾಡಾ ಕೆಟ್ಟಿದೆಯೆಂದು ಎಸೆಯಬೇಡಿ. ಓಡಿಸುವ ಯಂತ್ರದ ಹೆಡ್ಡಿನ (ನಾಡಾದಿಂದ ಧ್ವನಿಯನ್ನು ಓದುವ ಭಾಗದ) ಓರೆ, ಮುದ್ರಿಸಿದ ಯಂತ್ರದ ಓರೆಗೆ ಹೊಂದದಿರುವುದೇ ಅನೇಕ ವೇಳೆ ಕಾರಣ, ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೆ ತಾಳದ ಕಂಚಿನ ಸದ್ದು ತಟ್ಟನೆ ತಿಳಿಯಾಗುವುದನ್ನು ನೀವೇ ಕೇಳುತ್ತೀರಿ. ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಎಂಪಿ3 ಬೇಡ, ಧ್ವನಿಯನ್ನು ಕುಗ್ಗಿಸದ ವೇವ್ ರೂಪದಲ್ಲಿ ಇಡಿ. ಬದಿಯನ್ನು ಹಾಡುಗಳಾಗಿ ತುಂಡರಿಸಬೇಡಿ. ಹಾಡುಗಳ ನಡುವೆ ನಿರೂಪಕರು ಆಡಿದ ಮಾತುಗಳನ್ನೂ ಅಳಿಸಬೇಡಿ, ಪಕ್ಕವಾದ್ಯದವರ ಹೆಸರು ಸಿಗುವುದು ಬಹುಮಟ್ಟಿಗೆ ಅಲ್ಲಿಯೇ. ಕಡತಕ್ಕೆ ಹೆಸರಿಡುವಾಗ ಹಾಡಿದವರು, ಪಕ್ಕವಾದ್ಯ, ಗೊತ್ತಿದ್ದರೆ ವರ್ಷ, ಕ್ಯಾಸೆಟ್ಟಿನ ಮೇಲೆ ಮನೆಯವರು ಕೈಯಲ್ಲಿ ಬರೆದ ಟಿಪ್ಪಣಿ, ಇವಿಷ್ಟನ್ನೂ ಕನ್ನಡದಲ್ಲಿಯೇ ಬರೆಯಿರಿ. ಮುಂದಿನ ಸಭೆಗೆ ಅಂಥ ಒಂದು ಬದಿಯನ್ನು ತಂದವರಿಗೆ ಮೊದಲ ಅರ್ಧ ಗಂಟೆಯನ್ನು ಬಿಟ್ಟುಕೊಡುವುದೆಂದು ಅಂದೇ ತೀರ್ಮಾನವಾಯಿತು.